ದೂರ ಒಂದೇ, ಹೊತ್ತು ಬೇರೆ: ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ

2021ರ ಜನವರಿ 9ರ ರಾತ್ರಿ ಸ್ಯಾನ್‌ಫ್ರಾನ್ಸಿಸ್ಕೊ ಬಿಟ್ಟ ಏರ್ ಇಂಡಿಯಾ ವಿಮಾನವೊಂದು ನಡುವೆ ಎಲ್ಲಿಯೂ ಇಳಿಯದೆ 11ರ ನಸುಕಿಗೆ ಬೆಂಗಳೂರಿನ ದೇವನಹಳ್ಳಿಯ ನಿಲ್ದಾಣ ಮುಟ್ಟಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದ ನಾಲ್ವರೂ ಮಹಿಳೆಯರು. ಉತ್ತರ ಧ್ರುವದ ಮೇಲಿಂದ ಬಂದ ಈ ಹಾರಾಟ ದೇಶದಾದ್ಯಂತ ಸುದ್ದಿಯಾಯಿತು, ಆಗಬೇಕಾದದ್ದೇ. ಆದರೆ ಆ ದಿನಗಳ ವರದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ಒಂದು ಗೊಂದಲ ಕಾಣುತ್ತದೆ. ಕೆಲವು ಕಡೆ ಎರಡು ನಗರಗಳ ನಡುವಿನ ದೂರ ಸುಮಾರು 14,000 ಕಿ.ಮೀ. ಎಂದಿದೆ, ಇನ್ನು ಕೆಲವು ಕಡೆ ವಿಮಾನ ಕ್ರಮಿಸಿದ್ದು ಸುಮಾರು 16,000 ಕಿ.ಮೀ. ಎಂದಿದೆ. ಎರಡು ಸಾವಿರ ಕಿ.ಮೀ. ಸಣ್ಣ ವ್ಯತ್ಯಾಸವಲ್ಲ, ರಸ್ತೆಯಲ್ಲಿ ಬೆಂಗಳೂರಿನಿಂದ ದೆಹಲಿಗೆ ಹೋದಷ್ಟಾಯಿತು. ಹಾಗೆಂದು ಯಾರೂ ತಪ್ಪು ಬರೆದಿರಲಿಲ್ಲ. ಮೊದಲನೆಯದು ಭೂಗೋಳದ ಲೆಕ್ಕ, ಎರಡನೆಯದು ಹಾರಾಟದ ಲೆಕ್ಕ. ಈ ಎರಡರ ನಡುವಿನ ಅಂತರದಲ್ಲಿ ಗಾಳಿಯ ಪಾಲಿದೆ, ಪರ್ವತದ ಪಾಲಿದೆ, ಅವುಗಳ ಜೊತೆಗೆ ಸರ್ಕಾರಗಳ ಪಾಲೂ ಇದೆ. ಈ ಮೂರನೆಯ ಪಾಲನ್ನು ನಾವು ಪ್ರಕೃತಿಯ ನಿಯಮವೆಂಬಂತೆ ಸುಮ್ಮನೆ ಒಪ್ಪಿಕೊಂಡಿದ್ದೇವೆ. ಹಾಗೆ ಒಪ್ಪಬೇಕಾಗಿಲ್ಲ ಎನ್ನುವುದೇ ನನ್ನ ವಾದ.

ಮೊದಲು ಭೂಗೋಳವನ್ನೇ ನೋಡೋಣ. ಪೆಸಿಫಿಕ್ ನಡುವೆ ಬರುವಂತೆ ಬಿಡಿಸಿದ ಗೋಡೆಯ ನಕ್ಷೆಯಲ್ಲಿ ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಪೆಸಿಫಿಕ್ ಸಾಗರವನ್ನು ಉದ್ದಕ್ಕೂ ದಾಟುತ್ತದೆ. ಆ ಗೆರೆಯ ಮೇಲೆ ನಿಜವಾಗಿ ಹಾರಿದರೆ ಸುಮಾರು 16,100 ಕಿ.ಮೀ. ಆಗುತ್ತದೆ. ಗ್ಲೋಬಿನ ಮೇಲೆ ಅದೇ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ಮಾತ್ರ 14,000ದ ಲೆಕ್ಕ ಸಿಗುತ್ತದೆ, ಮತ್ತು ಆ ದಾರ ಪೂರ್ವಕ್ಕೆ ಹೋಗುವ ಬದಲು ಹೆಚ್ಚುಕಡಿಮೆ ಉತ್ತರಕ್ಕೇ ಹೋಗುತ್ತದೆ. ಬೆಂಗಳೂರು 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಸ್ಯಾನ್‌ಫ್ರಾನ್ಸಿಸ್ಕೊ 122.4 ಡಿಗ್ರಿ ಪಶ್ಚಿಮದಲ್ಲಿದೆ. ಅಂದರೆ ಎರಡೂ ಭೂಮಿಯ ಬಹುತೇಕ ಎದುರುಬದುರು ಮಗ್ಗುಲಲ್ಲಿವೆ. ದಾರ ತೆಲಂಗಾಣ ದಾಟಿ, ಉತ್ತರ ಪ್ರದೇಶದ ಪೂರ್ವಭಾಗದ ಮೇಲೆ ಸಾಗಿ, ನೇಪಾಳದ ಅನ್ನಪೂರ್ಣ ಶಿಖರಗಳ ಹತ್ತಿರ ಹಿಮಾಲಯ ಏರುತ್ತದೆ. ಅಲ್ಲಿಂದ ಟಿಬೆಟ್, ಷಿನ್‌ಜಿಯಾಂಗ್, ಮಂಗೋಲಿಯಾದ ಪಶ್ಚಿಮ ಮೂಲೆ, ಬೈಕಲ್ ಸರೋವರಕ್ಕೂ ಉತ್ತರದ ಸೈಬೀರಿಯಾ. 71 ಡಿಗ್ರಿ ಅಕ್ಷಾಂಶದ ಬಳಿ ಆರ್ಕ್‌ಟಿಕ್ ತೀರವನ್ನು ಸವರಿಕೊಂಡು ಅಲಾಸ್ಕಾದ ಮೇಲಿಂದ ಕೆಳಗಿಳಿಯುತ್ತದೆ. ಇನ್ನೂ ಒಂದು ವಿಚಿತ್ರವಿದೆ. ಈ ಅತಿ ಹತ್ತಿರದ ದಾರಿ ಬಿಟ್ಟು ನೇರವಾಗಿ ಉತ್ತರ ಧ್ರುವದ ನೆತ್ತಿಯ ಮೇಲೆಯೇ ಹೋದರೂ ಒಟ್ಟು 14,360 ಕಿ.ಮೀ. ಮಾತ್ರ ಆಗುತ್ತದೆ, ಹೆಚ್ಚಿಗೆ ನಾಲ್ಕುನೂರು ಕಿ.ಮೀ. ಕೂಡ ಇಲ್ಲ. ಧ್ರುವ ನಮಗೆ ದೂರದ ಸಾಹಸದಂತೆ ಕೇಳಿಸಬಹುದು. ಈ ಎರಡು ಊರುಗಳ ಮಟ್ಟಿಗೆ ಅದು ನಡುದಾರಿಯ ನಿಲ್ದಾಣವಿದ್ದಂತೆ.

ಈಗ ಇಂಟರ್‌ನೆಟ್‌ನಲ್ಲಿ, ಟ್ರಾವೆಲ್ ಏಜೆನ್ಸಿಗಳ ಕೋಷ್ಟಕಗಳಲ್ಲಿ ಸಿಗುವ ಪ್ರಯಾಣದ ಅವಧಿ ಹೇಗೆ ಬರುತ್ತದೆ ನೋಡಿ. ದೂರವನ್ನು ಗಂಟೆಗೆ 900 ಕಿ.ಮೀ.ಯಿಂದ ಭಾಗಿಸುತ್ತಾರೆ, ಏರಲು ಇಳಿಯಲು ಅರ್ಧ ಗಂಟೆ ಸೇರಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಹದಿನಾರು ಗಂಟೆ ಆಯಿತು. ವೇಳಾಪಟ್ಟಿಯಲ್ಲಿ ಇದ್ದದ್ದು ಹದಿನೇಳು ಗಂಟೆಗೂ ಮೀರಿದ ಅವಧಿ. ಬೆಂಗಳೂರಿನಿಂದ ಹೊರಟ ಬಹುಪಾಲು ಜನರ ಅನುಭವವಂತೂ ಇಪ್ಪತ್ತೆರಡರಿಂದ ಇಪ್ಪತ್ತೆಂಟು ಗಂಟೆ, ಏಕೆಂದರೆ ಅವರು ದುಬೈ, ಫ್ರಾಂಕ್‌ಫರ್ಟ್ ಅಥವಾ ಸಿಂಗಪುರದಲ್ಲಿ ಇಳಿದು ಇನ್ನೊಂದು ವಿಮಾನ ಹತ್ತುತ್ತಾರೆ. ದುಬೈ ಮೂಲಕ ಹೋದರೆ ಒಟ್ಟು ದೂರ 15,700 ಕಿ.ಮೀ. ಆಸುಪಾಸು, ಫ್ರಾಂಕ್‌ಫರ್ಟ್ ಮೂಲಕ ಹೋದರೆ 16,500. ಹಾರಾಟ ಹೆಚ್ಚಿದ್ದು ಎರಡು ಮೂರು ಗಂಟೆ ಮಾತ್ರ, ಉಳಿದದ್ದೆಲ್ಲ ಕಾಯುವ ಹೊತ್ತು. ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೊರಡುವ ಮಂಡಿನೋವಿನ ತಾಯಂದಿರಿಗೆ, ಹಸುಗೂಸನ್ನು ಎತ್ತಿಕೊಂಡು ಊರಿಗೆ ಬರುವ ದಂಪತಿಗೆ, ನಡುರಾತ್ರಿ ಅಪರಿಚಿತ ನಿಲ್ದಾಣದಲ್ಲಿ ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ನಡೆಯುವ ಆ ಹೊತ್ತೇ ಇಡೀ ಪ್ರಯಾಣದ ಕಷ್ಟ. ಹಾಗಾಗಿ ನೇರ ವಿಮಾನ ಇದೆಯೋ ಇಲ್ಲವೋ ಎನ್ನುವುದು ಸಿರಿವಂತರ ಸುಖದ ಪ್ರಶ್ನೆ ಮಾತ್ರ ಎಂದು ತಳ್ಳಿಹಾಕಲಾಗದು.

ಆ ನೇರ ದಾರಿಯಲ್ಲೂ ಎಲ್ಲ ಅಡ್ಡಿ ಮನುಷ್ಯರು ಮಾಡಿದ್ದಲ್ಲ. ಅನ್ನಪೂರ್ಣದ ಆಚೆ ಟಿಬೆಟ್ ಪ್ರಸ್ಥಭೂಮಿ ಇದೆ, ಸರಾಸರಿ 4,500 ಮೀಟರಿಗೂ ಎತ್ತರ. ಹಾರುತ್ತಿರುವಾಗ ವಿಮಾನದ ಒಳಗಿನ ಗಾಳಿಯ ಒತ್ತಡ ಕುಸಿದರೆ ತಲೆಯ ಮೇಲಿನಿಂದ ಆಮ್ಲಜನಕದ ಮುಸುಕು ಬೀಳುತ್ತದೆಯಲ್ಲ, ಅದರಲ್ಲಿ ಸಾಮಾನ್ಯವಾಗಿ ಕಾಲು ಗಂಟೆಗೆ ಸಾಕಾಗುವಷ್ಟು ಆಮ್ಲಜನಕ ಮಾತ್ರ ಇರುತ್ತದೆ. ಅಷ್ಟರೊಳಗೆ ಪೈಲಟ್ ವಿಮಾನವನ್ನು ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಸಬೇಕು. ಕೆಳಗಿನ ನೆಲವೇ ಅದಕ್ಕಿಂತ ಒಂದೂವರೆ ಸಾವಿರ ಮೀಟರ್ ಮೇಲಿದ್ದರೆ ಇಳಿಯುವುದೆಲ್ಲಿಗೆ? ಆದ್ದರಿಂದಲೇ ಹೆಚ್ಚಿನ ವಿಮಾನಗಳು ಆ ಪ್ರದೇಶವನ್ನು ಬಿಟ್ಟು ಸುತ್ತಿಕೊಂಡು ಹೋಗುತ್ತವೆ. ಧ್ರುವದ ಕಡೆ ಬೇರೆ ತೊಂದರೆ: ಹೊರಗಿನ ಚಳಿಗೆ ರೆಕ್ಕೆಯೊಳಗಿನ ಇಂಧನ ತಣ್ಣಗಾಗುತ್ತ ಹೋಗುತ್ತದೆ. ಜೆಟ್ ಎ-1 ಇಂಧನದ ಹೆಪ್ಪುಗಟ್ಟುವ ಮಿತಿ ಮೈನಸ್ 47 ಡಿಗ್ರಿ, ಅಲ್ಲಿನ ಗಾಳಿ ಅದಕ್ಕಿಂತ ತಣ್ಣಗೆ ಇರುವುದು ಸಾಮಾನ್ಯ. ಪೈಲಟ್‌ಗಳು ಇಂಧನದ ಉಷ್ಣಾಂಶದ ಮೇಲೆ ಕಣ್ಣಿಟ್ಟು, ಬೇಕಾದರೆ ಕೆಳಗಿಳಿದೋ ವೇಗ ಹೆಚ್ಚಿಸಿಯೋ ಅದನ್ನು ಕಾಪಾಡಿಕೊಳ್ಳುತ್ತಾರೆ. ಇಂಥ ಕಾರಣಗಳಿಗೆ ದಾರಿ ಬಾಗಿದರೆ ಯಾರೂ ತಕರಾರು ಮಾಡಬಾರದು.

ಗಾಳಿಯ ವಿಷಯ ಇನ್ನೂ ದೊಡ್ಡದು, ನನ್ನ ವಾದಕ್ಕೆ ಮೊದಲ ಆಕ್ಷೇಪ ಬರುವುದೂ ಅಲ್ಲಿಂದಲೇ. ಪ್ರಯಾಣದ ಅವಧಿಯನ್ನು ನಿರ್ಧರಿಸುವುದು ಗಾಳಿ, ಸರ್ಕಾರಗಳನ್ನೇಕೆ ದೂರುತ್ತೀರಿ ಎಂದು ವಿಮಾನಯಾನ ಬಲ್ಲವರು ಕೇಳಬಹುದು. ಅವರ ಮಾತಿಗೆ ಒಳ್ಳೆಯ ಆಧಾರವಿದೆ. ಏರ್ ಇಂಡಿಯಾದ ದೆಹಲಿ–ಸ್ಯಾನ್‌ಫ್ರಾನ್ಸಿಸ್ಕೊ ವಿಮಾನ 2015ರ ಡಿಸೆಂಬರಿನಲ್ಲಿ ಶುರುವಾದಾಗ ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು, ಸುಮಾರು 13,900 ಕಿ.ಮೀ. 2016ರ ಅಕ್ಟೋಬರಿನಲ್ಲಿ ಸಂಸ್ಥೆ ಅದನ್ನು ಪೆಸಿಫಿಕ್ ಕಡೆಗೆ ತಿರುಗಿಸಿತು. ದೂರ 1,400 ಕಿ.ಮೀ. ಹೆಚ್ಚಾಗಿ 15,300 ಆಯಿತು, ಪ್ರಯಾಣ ಮಾತ್ರ ಹದಿನಾಲ್ಕೂವರೆ ಗಂಟೆಗೆ ಇಳಿಯಿತು, ಮೊದಲಿಗಿಂತ ಸುಮಾರು ಎರಡು ಗಂಟೆ ಕಡಿಮೆ. ಉತ್ತರ ಗೋಳಾರ್ಧದ ಮೇಲ್ಮಟ್ಟದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ವಿಮಾನವನ್ನು ಬೆನ್ನ ಹಿಂದಿನಿಂದ ದೂಡಿತು. 2020ರ ಫೆಬ್ರುವರಿಯಲ್ಲಿ ಅದೇ ಗಾಳಿ ಬ್ರಿಟಿಷ್ ಏರ್‌ವೇಸ್‌ನ ಜಂಬೊ ಜೆಟ್ ಒಂದನ್ನು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷಗಳಲ್ಲಿ ತಲುಪಿಸಿತು. ಮಾಮೂಲಿಗಿಂತ ಒಂದು ಗಂಟೆಗೂ ಹೆಚ್ಚು ಮುಂಚೆ.

ಇದನ್ನೆಲ್ಲ ಒಪ್ಪಿದ ಮೇಲೂ ನನ್ನ ವಾದ ಉಳಿಯುತ್ತದೆ. ಗಾಳಿ ಎಲ್ಲರಿಗೂ ಒಂದೇ. ಅದನ್ನು ಮುಂಚಿತವಾಗಿ ಅಂದಾಜು ಮಾಡಬಹುದು, ಇವತ್ತು ಕಳೆದುಕೊಂಡದ್ದನ್ನು ಬರುವ ದಾರಿಯಲ್ಲಿ ಗಳಿಸಬಹುದು. ಅದಕ್ಕಿಂತ ಮುಖ್ಯವಾಗಿ, ಗಾಳಿಯ ಲಾಭ ಪಡೆಯುವುದಕ್ಕೂ ಬಾನು ತೆರೆದಿರಬೇಕು. ದೆಹಲಿಯ ವಿಮಾನ ಅಟ್ಲಾಂಟಿಕ್ಕೋ ಪೆಸಿಫಿಕ್ಕೋ ಎಂದು ಆರಿಸಿಕೊಂಡಿತು, ಏಕೆಂದರೆ ಆಗ ಅದಕ್ಕೆ ಎರಡೂ ಕಡೆಯ ಬಾಗಿಲು ತೆರೆದಿತ್ತು. ಬಾಗಿಲು ಮುಚ್ಚಿದಾಗ ಏನಾಗುತ್ತದೆ ಎಂಬುದಕ್ಕೆ ಫಿನ್‌ಲೆಂಡಿಗಿಂತ ಸ್ಪಷ್ಟ ಉದಾಹರಣೆ ಬೇಡ. ಹೆಲ್ಸಿಂಕಿಯಿಂದ ಟೋಕಿಯೊಗೆ 7,800 ಕಿ.ಮೀ., ನಡುವಿನ ನೆಲವೆಲ್ಲ ಬಹುತೇಕ ರಷ್ಯಾದ್ದು. ಶೀತಲ ಸಮರದ ಕಾಲದಲ್ಲಿ ಆ ಬಾನು ಯುರೋಪಿನ ವಿಮಾನಗಳಿಗೆ ಬಹುಮಟ್ಟಿಗೆ ಮುಚ್ಚಿತ್ತು. ಹಾಗಾಗಿ ಯುರೋಪಿನಿಂದ ಜಪಾನಿಗೆ ಹೋಗುವವರು ಅಲಾಸ್ಕಾದ ಆಂಕರೇಜ್‌ನಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳುತ್ತಿದ್ದರು. ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್ 1957ರಲ್ಲಿ ಆ ದಾರಿ ತೆರೆಯಿತು. 1983ರಲ್ಲಿ ಫಿನ್‌ಏರ್ ಹೆಚ್ಚು ಇಂಧನ ಹೊತ್ತ ಡಿಸಿ-10 ವಿಮಾನದಲ್ಲಿ ಧ್ರುವ ಸುತ್ತಿ, ಎಲ್ಲೂ ಇಳಿಯದೆ ಸುಮಾರು ಹದಿಮೂರು ಗಂಟೆಯಲ್ಲಿ ಟೋಕಿಯೊ ಮುಟ್ಟಿತು. ಸೋವಿಯತ್ ಒಕ್ಕೂಟ ಕುಸಿದು ಸೈಬೀರಿಯಾದ ಬಾನು ತೆರೆದ ಮೇಲೆ ಆ ಹದಿಮೂರು ಗಂಟೆ ಒಂಬತ್ತೂವರೆಗೆ ಇಳಿಯಿತು. ಏಷ್ಯಾಕ್ಕೆ ಅತಿ ಹತ್ತಿರದ ಯುರೋಪ್ ಎಂಬ ಹೆಸರಿನ ಮೇಲೆಯೇ ಫಿನ್‌ಏರ್ ತನ್ನ ವ್ಯಾಪಾರ ಕಟ್ಟಿಕೊಂಡಿತು. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿತು, ಐರೋಪ್ಯ ಒಕ್ಕೂಟ ರಷ್ಯಾದ ವಿಮಾನಗಳಿಗೆ ಬಾಗಿಲು ಹಾಕಿತು, ರಷ್ಯಾ ಪ್ರತಿಯಾಗಿ ಹಾಕಿತು. ಫಿನ್‌ಏರ್ ಮತ್ತೆ ಧ್ರುವದ ದಾರಿ ಹಿಡಿಯಿತು, ಪ್ರಯಾಣ ಮತ್ತೆ ಹದಿಮೂರು ಗಂಟೆ. ನಲವತ್ತು ವರ್ಷಗಳ ತಾಂತ್ರಿಕ ಪ್ರಗತಿಯ ನಂತರ ಅದೇ ಹದಿಮೂರು ಗಂಟೆ! ಹೆಲ್ಸಿಂಕಿ ಜರುಗಿಲ್ಲ, ಟೋಕಿಯೊ ಜರುಗಿಲ್ಲ, ಗಾಳಿಯ ದಿಕ್ಕೂ ಬದಲಾಗಿಲ್ಲ.

ವಿಮಾನಗಳನ್ನೇ ಇನ್ನಷ್ಟು ವೇಗವಾಗಿ ಹಾರಿಸಿದರಾಯಿತಲ್ಲ ಎನ್ನುವವರಿದ್ದಾರೆ. ಇದು ಬಹಳ ಹಳೆಯ ಆಸೆ. 1958ರಲ್ಲಿ ಸೇವೆಗೆ ಬಂದ ಬೋಯಿಂಗ್ 707 ಹಾರುತ್ತಿದ್ದ ವೇಗಕ್ಕೂ ಇವತ್ತಿನ 787ರ ವೇಗಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಶಬ್ದದ ವೇಗದ ಹತ್ತಿರಕ್ಕೆ ಹೋದಂತೆ ಗಾಳಿಯ ತಡೆ ಕಡಿದಾಗಿ ಏರುವುದರಿಂದ ಇಂಧನದ ಖರ್ಚು ಕೈಮೀರುತ್ತದೆ. ಶಬ್ದವನ್ನೇ ಮೀರಿಸಿದ ಕಾನ್‌ಕಾರ್ಡ್ 1976ರಿಂದ 2003ರವರೆಗೆ ಪ್ರಯಾಣಿಕರನ್ನು ಹೊತ್ತಿತು, ಅದರ ವ್ಯಾಪ್ತಿ ಸುಮಾರು 7,000 ಕಿ.ಮೀ. ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಅದು ಅರ್ಧ ದಾರಿ. ಈ ಅರವತ್ತೈದಕ್ಕೂ ಹೆಚ್ಚು ವರ್ಷಗಳಲ್ಲಿ ದೂರದ ಊರುಗಳು ಹತ್ತಿರವಾದದ್ದು ವೇಗದಿಂದ ಅಲ್ಲ, ನಡುವೆ ಇಳಿಯದೆ ಹಾರುವ ಶಕ್ತಿಯಿಂದ. 2018ರಿಂದ ಸಿಂಗಪುರ ಮತ್ತು ನ್ಯೂಯಾರ್ಕ್ ಪ್ರದೇಶದ ನಡುವೆ ಸಿಂಗಪುರ ಏರ್‌ಲೈನ್ಸ್ 15,300 ಕಿ.ಮೀ. ಮೀರಿದ ದಾರಿಯನ್ನು ಒಂದೇ ಹಾರಾಟದಲ್ಲಿ ದಾಟುತ್ತಿದೆ. ಹೀಗೆ ತುದಿಯವರೆಗೆ ಎಳೆದ ಶಕ್ತಿಗೆ ಬಳಸುದಾರಿಯ ಹೊರೆ ಎಲ್ಲರಿಗಿಂತ ಹೆಚ್ಚು. 2021ರಲ್ಲಿ ಬೆಂಗಳೂರಿಗೆ ಬಂದ ಬೋಯಿಂಗ್ 777-200ಎಲ್‌ಆರ್ ಮಾದರಿ ವಿಮಾನದ ಗರಿಷ್ಠ ತೂಕ ಸುಮಾರು 347 ಟನ್, ಅದರಲ್ಲಿ ತುಂಬಬಹುದಾದ ಇಂಧನವೇ 145 ಟನ್. ಒಂದು ಗಂಟೆ ಹೆಚ್ಚು ಹಾರಬೇಕೆಂದರೆ ಆ ಗಂಟೆಯ ಇಂಧನವನ್ನು ಹಿಂದಿನ ಹದಿನಾರು ಗಂಟೆಯೂ ಹೊತ್ತು ತಿರುಗಬೇಕು, ಆ ಹೊರುವಿಕೆಗೆ ಇನ್ನಷ್ಟು ಇಂಧನ ಬೇಕು, ಕೊನೆಗೆ ಕೆಲವು ಸೀಟು ಖಾಲಿ ಬಿಡಬೇಕು, ಇಲ್ಲವೆ ಸರಕು ಇಳಿಸಬೇಕು. ಒಂದು ಮಿತಿ ದಾಟಿದರೆ ಆ ಮಾರ್ಗವೇ ನಷ್ಟದ್ದಾಗಿ ನಿಂತುಹೋಗುತ್ತದೆ. ಚಿಕ್ಕ ದೂರದಲ್ಲಿ ಅರ್ಧ ಗಂಟೆಯ ಸುತ್ತು ಬರಿಯ ಕಿರಿಕಿರಿ, ದೊಡ್ಡ ದೂರದಲ್ಲಿ ಅದೇ ಸುತ್ತು ನೇರ ವಿಮಾನವನ್ನು ಕೊಲ್ಲಬಲ್ಲದು.

ಬೆಂಗಳೂರು ಇದನ್ನು ನೇರವಾಗಿ ಅನುಭವಿಸಿದೆ. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ 2020ರಲ್ಲೇ ಸ್ಯಾನ್‌ಫ್ರಾನ್ಸಿಸ್ಕೊ–ಬೆಂಗಳೂರು ನೇರ ಸೇವೆ ಘೋಷಿಸಿತ್ತು. ಮೊದಲು ಕೋವಿಡ್ ಅಡ್ಡ ಬಂತು, ಮತ್ತೆ ಮತ್ತೆ ಮುಂದೂಡಿದ್ದಾಯಿತು. 2022ರಲ್ಲಿ ರಷ್ಯಾದ ಬಾನಿಗೆ ಬೀಗ ಬಿದ್ದ ಮೇಲೆ ಅದು ಹಾರಲೇ ಇಲ್ಲ. ಭಾರತದ ವಿಮಾನಗಳಿಗೆ ಆ ಬಾನು ತೆರೆದೇ ಇತ್ತು. 2023ರ ಜೂನಿನಲ್ಲಿ ದೆಹಲಿಯಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಪೂರ್ವ ತುದಿಯ ಮಗದಾನ್‌ನಲ್ಲಿ ಇಳಿದಾಗ ಜಗತ್ತಿಗೆ ಈ ವ್ಯತ್ಯಾಸ ಎದ್ದು ಕಂಡಿತು. ಅದರಲ್ಲಿದ್ದ 216 ಪ್ರಯಾಣಿಕರು ಬದಲಿ ವಿಮಾನ ಬರುವವರೆಗೆ ಅಲ್ಲಿ ಸಿಕ್ಕ ಶಾಲೆ, ಹಾಸ್ಟೆಲ್‌ಗಳಲ್ಲಿ ರಾತ್ರಿ ಕಳೆಯಬೇಕಾಯಿತು. ತೆರೆದ ಬಾನಿಗೂ ಅಪಾಯದ ಇನ್ನೊಂದು ಮುಖ ಇದೆ ಎಂಬುದನ್ನು ಈ ಘಟನೆ ತೋರಿಸುತ್ತದೆ, ಅದನ್ನು ನಾನು ಮರೆಮಾಚುವುದಿಲ್ಲ. ಆದರೆ ಇಲ್ಲಿ ಗಮನಿಸಬೇಕಾದದ್ದು ಬೇರೆ: ಅದೇ ಎರಡು ಊರುಗಳ ನಡುವೆ, ಒಂದೇ ದಿನ, ಒಂದೇ ಬಗೆಯ ವಿಮಾನಕ್ಕೆ, ಬಾಲದ ಮೇಲೆ ಯಾವ ದೇಶದ ಗುರುತಿದೆ ಎಂಬುದರ ಮೇಲೆ ಪ್ರಯಾಣದ ಅವಧಿ ಬದಲಾಗುತ್ತದೆ. ಲಂಡನ್ನಿನಿಂದ ಚೀನಾಕ್ಕೆ ಚೀನಾದ ವಿಮಾನಗಳು ರಷ್ಯಾದ ಮೇಲಿಂದ ನೇರವಾಗಿ ಹೋಗುತ್ತವೆ, ಬ್ರಿಟನ್ನಿನವು ಸುತ್ತಿಕೊಂಡು ಹೋಗಬೇಕು. ಬ್ರಿಟಿಷ್ ಏರ್‌ವೇಸ್ 2024ರ ಅಕ್ಟೋಬರಿನಲ್ಲಿ ಬೀಜಿಂಗ್ ಸೇವೆಯನ್ನೇ ನಿಲ್ಲಿಸಿತು.

ನಮ್ಮ ಮನೆಬಾಗಿಲಲ್ಲೇ ಇದು ನಡೆಯುತ್ತಿದೆ. ಪಹಲ್ಗಾಮ್ ದಾಳಿಯ ನಂತರ 2025ರ ಏಪ್ರಿಲ್ 24ರಂದು ಪಾಕಿಸ್ತಾನ ಭಾರತೀಯ ವಿಮಾನಗಳಿಗೆ ತನ್ನ ಬಾನು ಮುಚ್ಚಿತು, ಏಪ್ರಿಲ್ 30ರಂದು ಭಾರತ ಪ್ರತಿಯಾಗಿ ಮುಚ್ಚಿತು. ಆಮೇಲೆ ತಿಂಗಳಿಗೊಮ್ಮೆ ಎರಡೂ ಕಡೆ ಆದೇಶ ನವೀಕರಿಸುತ್ತ ಹೋದರು. ದೆಹಲಿಯಿಂದ ಶಿಕಾಗೊಗೆ ಹೋಗುವ ಏರ್ ಇಂಡಿಯಾ ವಿಮಾನ ಇಂಧನಕ್ಕಾಗಿ ವಿಯೆನ್ನಾದಲ್ಲಿ ಇಳಿಯಬೇಕಾಯಿತು. ಸೆಪ್ಟೆಂಬರ್ 1ರಿಂದ ದೆಹಲಿ–ವಾಷಿಂಗ್ಟನ್ ಸೇವೆ ನಿಂತಿತು. ವಿಮಾನಗಳ ಕೊರತೆಯ ಜೊತೆಗೆ ಪಾಕಿಸ್ತಾನದ ಬಾನು ಮುಚ್ಚಿದ್ದನ್ನೂ ಸಂಸ್ಥೆ ಕಾರಣವಾಗಿ ಕೊಟ್ಟಿತು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬರುವುದು ಇಲ್ಲಿ. ತನ್ನ ನೆಲದ ಮೇಲಿನ ಬಾನು ಆಯಾ ದೇಶದ ಹಕ್ಕು. 1944ರ ಶಿಕಾಗೊ ಒಪ್ಪಂದದ ಮೊದಲ ವಿಧಿಯೇ ಅದನ್ನು ಸಾರುತ್ತದೆ. ದೇಶದ ಭದ್ರತೆಯ ಮುಂದೆ ಪ್ರಯಾಣಿಕರ ಎರಡು ಮೂರು ಗಂಟೆ ಏನು ಮಹಾ? ಅಷ್ಟೇ ಅಲ್ಲ, ಬಾನು ಮುಚ್ಚದೆ ಹೋದದ್ದರಿಂದ ಜೀವಗಳು ಹೋಗಿವೆ. 2014ರ ಜುಲೈ 17ರಂದು ಪೂರ್ವ ಉಕ್ರೇನಿನಲ್ಲಿ ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್17 ಕ್ಷಿಪಣಿಗೆ ಸಿಕ್ಕಾಗ ಕೆಳಗೆ ಯುದ್ಧ ನಡೆದಿತ್ತು. 32,000 ಅಡಿಯವರೆಗಿನ ಬಾನು ಮಾತ್ರ ಮುಚ್ಚಿತ್ತು, ವಿಮಾನ 33,000 ಅಡಿಯಲ್ಲಿ ಹಾರುತ್ತಿತ್ತು. ಸತ್ತವರು 298 ಮಂದಿ. ಈ ಆಕ್ಷೇಪಕ್ಕೆ ತಲೆಬಾಗಲೇಬೇಕು. ಯುದ್ಧ ನಡೆಯುವ ಕಡೆ ಬಾನು ಮುಚ್ಚಬೇಕು, ಬೇಗ ಮುಚ್ಚಬೇಕು, ಪೂರ್ತಿ ಮುಚ್ಚಬೇಕು. 2025ರ ಜೂನಿನಲ್ಲಿ ಇಸ್ರೇಲ್–ಇರಾನ್ ಸಂಘರ್ಷದ ವೇಳೆ ಇರಾನ್, ಇರಾಕ್, ಕೆಲವು ಗಂಟೆಗಳ ಮಟ್ಟಿಗೆ ಕತಾರ್ ಕೂಡ ಬಾನು ಮುಚ್ಚಿದಾಗ ಕೊಲ್ಲಿಯ ಮೂಲಕ ಹೋಗಬೇಕಿದ್ದವರಿಗೆ ಬಹಳ ತೊಂದರೆಯಾಯಿತು. ಆದರೂ ಅದು ಸರಿಯಾದ ನಿರ್ಧಾರ.

ಆದರೆ ಅಪಾಯಕ್ಕೆ ಹೆದರಿ ಮುಚ್ಚುವುದು, ಪ್ರತೀಕಾರಕ್ಕೆ ಮುಚ್ಚುವುದು ಎಂಬ ಎರಡು ಬಗೆಯನ್ನು ಬೇರೆ ಮಾಡಿ ನೋಡಲು ಒಂದು ಸುಲಭದ ಒರೆಗಲ್ಲು ಇದೆ. ಅಪಾಯಕ್ಕೆ ಹೆದರಿ ಮುಚ್ಚಿದ ಬಾನು ಎಲ್ಲರಿಗೂ ಮುಚ್ಚಿರುತ್ತದೆ, ಏಕೆಂದರೆ ಕ್ಷಿಪಣಿ ಬಾಲದ ಗುರುತು ನೋಡಿ ಬರುವುದಿಲ್ಲ. ಪಾಕಿಸ್ತಾನದ ಮೇಲೆ ಬೇರೆ ದೇಶಗಳ ವಿಮಾನಗಳು ಹಾರುತ್ತಿದ್ದು ಭಾರತದವು ಮಾತ್ರ ಹಾರುವಂತಿಲ್ಲವೆಂದರೆ, ಭಾರತದ ಮೇಲೆ ಎಲ್ಲರೂ ಹಾರುತ್ತಿದ್ದು ಪಾಕಿಸ್ತಾನದವು ಮಾತ್ರ ಹಾರುವಂತಿಲ್ಲವೆಂದರೆ, ಅಲ್ಲಿ ಪ್ರಯಾಣಿಕರ ಜೀವರಕ್ಷಣೆಯ ಮಾತಿಗೆ ಆಧಾರವಿಲ್ಲ. ಅದು ಸರ್ಕಾರದಿಂದ ಸರ್ಕಾರಕ್ಕೆ ಹೋಗುವ ಪ್ರತೀಕಾರದ ಸಂದೇಶ, ಅದರ ಖರ್ಚು ಕಟ್ಟುವವರು ಟಿಕೆಟ್ ಕೊಂಡವರು. ಇಂಥ ಸಂದೇಶ ಕಳಿಸಲು ಸರ್ಕಾರಗಳಿಗೆ ಕಾರಣ ಇರಬಹುದು, ಪಹಲ್ಗಾಮ್‌ನಂಥ ಕ್ರೌರ್ಯದ ನಂತರ ಸಿಟ್ಟು ಸಹಜವೇ. ನಾನು ಕೇಳುವುದು ಅದನ್ನು ಅದರ ಹೆಸರಿನಿಂದಲೇ ಕರೆಯಿರಿ ಎಂದು. ವ್ಯಾಪಾರದ ಮೇಲೆ ನಿರ್ಬಂಧ ಹೇರಿದರೆ ಸಂಸತ್ತಿನಲ್ಲಿ ಪ್ರಶ್ನೆ ಏಳುತ್ತದೆ, ಯಾರಿಗೆಷ್ಟು ನಷ್ಟ ಎಂಬ ಲೆಕ್ಕ ಹೊರಬರುತ್ತದೆ. ಬಾನು ಮುಚ್ಚಿದಾಗ ಮಾತ್ರ ಪೈಲಟ್‌ಗಳಿಗೆ ಹೊರಡಿಸುವ ಒಂದೆರಡು ಸಾಲಿನ ಸೂಚನೆಯಲ್ಲಿ ಎಲ್ಲ ಮುಗಿಯುತ್ತದೆ.

ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ, ಅದಕ್ಕೆ ಮೊದಲ ಕಾರಣ ನಮ್ಮ ಉಪಖಂಡವೇ. 1971ರ ಜನವರಿ 30ರಂದು ಇಂಡಿಯನ್ ಏರ್‌ಲೈನ್ಸ್‌ನ ‘ಗಂಗಾ’ ಎಂಬ ಫಾಕರ್ ವಿಮಾನವನ್ನು ಅಪಹರಿಸಿ ಲಾಹೋರಿಗೆ ಒಯ್ದು ಸುಟ್ಟರು. ಭಾರತ ಪಾಕಿಸ್ತಾನದ ವಿಮಾನಗಳಿಗೆ ತನ್ನ ಬಾನು ಮುಚ್ಚಿತು. ಆಗ ಪಾಕಿಸ್ತಾನ ಭಾರತದ ಎರಡೂ ಮಗ್ಗುಲಲ್ಲಿದ್ದ ದೇಶ. ಕರಾಚಿಯಿಂದ ಢಾಕಾಗೆ ಸುಮಾರು 2,400 ಕಿ.ಮೀ. ಹಾರುತ್ತಿದ್ದ ವಿಮಾನಗಳು ಕೊಲಂಬೊ ಸುತ್ತಿ ಹೆಚ್ಚುಕಡಿಮೆ ಅದರ ಇಮ್ಮಡಿ ಹಾರಬೇಕಾಯಿತು. ಪಾಕಿಸ್ತಾನ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಂಡಳಿಗೆ ದೂರು ಕೊಟ್ಟಿತು, ಆ ಮಂಡಳಿಗೆ ವಿಚಾರಣೆಯ ಅಧಿಕಾರವೇ ಇಲ್ಲ ಎಂದು ಭಾರತ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 1972ರ ಆಗಸ್ಟಿನಲ್ಲಿ ನ್ಯಾಯಾಲಯ ಮಂಡಳಿಗೆ ಅಧಿಕಾರ ಇದೆ ಎಂದು ತೀರ್ಪಿತ್ತಿತು. ಅಷ್ಟರಲ್ಲಿ ಢಾಕಾ ಬೇರೊಂದು ದೇಶದ ರಾಜಧಾನಿಯಾಗಿತ್ತು. 2017ರಲ್ಲಿ ಸೌದಿ ಅರೇಬಿಯಾ, ಯುಎಇ, ಬಹ್ರೇನ್ ಮತ್ತು ಈಜಿಪ್ಟ್ ಕತಾರಿನ ವಿಮಾನಗಳಿಗೆ ಬಾನು ಮುಚ್ಚಿದಾಗಲೂ ಅದೇ ಪ್ರಶ್ನೆ ಹೇಗ್‌ಗೆ ಹೋಯಿತು, 2020ರ ಜುಲೈನಲ್ಲಿ ಅದೇ ಉತ್ತರ ಬಂತು. ಆರು ತಿಂಗಳ ಬಳಿಕ ಆ ದೇಶಗಳು ತಮ್ಮತಮ್ಮಲ್ಲೇ ರಾಜಿಯಾದವು.

ಎರಡು ತೀರ್ಪುಗಳಿಂದ ತಿಳಿಯುವುದೇನೆಂದರೆ, ಬಾನು ಮುಚ್ಚಿದ ದೇಶವನ್ನು ಪ್ರಶ್ನಿಸಲು ಜಾಗ ಇದೆ, ಆದರೆ ಅಲ್ಲಿಗೆ ಹೋಗಬಲ್ಲವು ದೇಶಗಳು ಮಾತ್ರ, ಮತ್ತು ಉತ್ತರ ಬರುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ. ಇದನ್ನು ಬದಲಿಸಲು ಹೊಸ ಒಪ್ಪಂದವೇನೂ ಬೇಡ. ಬೇರೆ ಎಲ್ಲರಿಗೂ ತೆರೆದು ಒಬ್ಬರಿಗೆ ಮಾತ್ರ ಮುಚ್ಚಿದ ಬಾನಿಗೆ ಆಯಾ ದೇಶ ಪ್ರತಿ ನವೀಕರಣದ ಹೊತ್ತಿಗೂ ಆ ಮಂಡಳಿಯ ಮುಂದೆ ಬರಹದಲ್ಲಿ ಕಾರಣ ಕೊಡಬೇಕು ಎಂಬ ನಿಯಮ ಸಾಕು. ನಮ್ಮಲ್ಲೂ ನಾಗರಿಕ ವಿಮಾನಯಾನ ಸಚಿವಾಲಯ ಇಂಥ ಪ್ರತಿ ತಿಂಗಳ ವಿಸ್ತರಣೆಯ ಜೊತೆ ಯಾವ ಮಾರ್ಗ ಎಷ್ಟು ಗಂಟೆ ಉದ್ದವಾಯಿತು, ಎಷ್ಟು ಟನ್ ಇಂಧನ ಹೆಚ್ಚಿಗೆ ಸುಟ್ಟಿತು, ಯಾವ ನೇರ ಸೇವೆ ನಿಂತಿತು ಎಂಬುದನ್ನು ಪ್ರಕಟಿಸಬೇಕು. ಈ ಅಂಕಿಗಳು ವಿಮಾನಯಾನ ಸಂಸ್ಥೆಗಳ ಬಳಿ ದಿನದಿನವೂ ತಯಾರಿರುತ್ತವೆ, ಏಕೆಂದರೆ ಪ್ರತಿ ಹಾರಾಟಕ್ಕೂ ಮುಂಚೆ ಅವರು ಮಾಡುವ ಮೊದಲ ಲೆಕ್ಕವೇ ಅದು.